ಬಾಟ್ಲಿ ಹುಡುಕಬೇಡ, ತಿಂಗಳು ನೋಡಿ ಬಾ

ಮಗಳೇ, ಹೋದ ಊರಿನಲ್ಲೆಲ್ಲ ಅಲ್ಲಿನ ವೈನ್ ಯಾವುದು, ಅಲ್ಲಿನ ಚೀಸ್ ಯಾವುದು ಎಂದು ವಿಚಾರಿಸಿ ರುಚಿ ನೋಡುವ ಅಭ್ಯಾಸ ನಿನಗಿದೆ. ಅದು ಒಳ್ಳೆಯ ಅಭ್ಯಾಸವೇ. ಈ ಸಲ ಗೆಳತಿಯರನ್ನು ಕಟ್ಟಿಕೊಂಡು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಅಂತ ನಮ್ಮ ಕಡೆಯೇ ಸುತ್ತಲು ಬರುತ್ತೀಯ ಎಂದು ನಿನ್ನಮ್ಮ ಹೇಳಿದಳು. ಬಾ, ಖಂಡಿತ ಬಾ. ಆದರೆ ಹೊರಡುವ ಮೊದಲು ಈ ದೊಡ್ಡಮ್ಮನ ನಾಲ್ಕು ಮಾತು ಕಿವಿಗೆ ಹಾಕಿಕೋ.

ಮೊದಲನೆಯದು ರಸ್ತೆ ಬದಿಯ ಬೋರ್ಡಿನ ವಿಷಯ. ಪ್ರವಾಸಿಗಳು ಗಾಡಿ ನಿಲ್ಲಿಸುವ ಕಡೆಯಲ್ಲೆಲ್ಲ ಕಾಫಿಪುಡಿ, ಏಲಕ್ಕಿ, ಚಾಕೊಲೇಟ್ ಜೊತೆಗೆ ‘ಹೋಮ್ ಮೇಡ್ ವೈನ್’ ಎಂದು ಬರೆದಿರುವುದು ಕಾಣುತ್ತದೆ. ನೇರಳೆ, ನೆಲ್ಲಿ, ಹಲಸು, ಶುಂಠಿ, ವೀಳ್ಯದೆಲೆ, ಕೊನೆಗೆ ಜೀರಿಗೆ ಮೆಣಸಿನ ವೈನ್ ಕೂಡ ಸಾಲಾಗಿ ನಿಂತಿರುತ್ತದೆ. ಕೂಡಲೇ ಕೊಳ್ಳಬೇಡ. ಆ ಸಾಲಿನಲ್ಲಿ ಕೆಲವು ಬರೀ ಸಕ್ಕರೆ ಪಾಕಕ್ಕೆ ಬಣ್ಣ, ಎಸೆನ್ಸ್ ಬೆರೆಸಿದ ಶರಬತ್ತು. ಉಳಿದವು ನಿಜವಾಗಿ ಹುಳಿಬಂದ ವೈನೇ ಆಗಿದ್ದರೂ, ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಮದ್ಯ ತಯಾರಿಸುವುದಕ್ಕೂ ಇಲ್ಲ, ಮಾರುವುದಕ್ಕೂ ಇಲ್ಲ. ಲೇಬಲ್ಲಿನ ಮೇಲೆ ತಯಾರಕರ ಹೆಸರು, ಲೈಸೆನ್ಸ್ ವಿವರ, ಬ್ಯಾಚು, ಎಷ್ಟು ಶೇಕಡಾ ಆಲ್ಕೋಹಾಲ್ ಎಂಬುದು ಇಲ್ಲದ ಬಾಟ್ಲಿಗೆ ದುಡ್ಡು ಕೊಡಬೇಡ. ‘ಇದು ಶುಗರ್‌ಗೆ ಒಳ್ಳೇದು’ ಎಂದು ನೇರಳೆ ವೈನನ್ನು ನಿನ್ನಪ್ಪನ ಹೆಸರು ಹೇಳಿ ನಿನ್ನ ಕೈಗೆ ಹಿಡಿಸುವವರೂ ಇದ್ದಾರೆ. ನಂಬಬೇಡ. ಮನೆ ವೈನಿಗೆ ಹಣ್ಣಿನಷ್ಟೇ ತೂಕದ ಸಕ್ಕರೆ ಬೀಳುವುದು ಸಾಮಾನ್ಯ. ಯೀಸ್ಟ್ ತಿಂದು ಉಳಿದದ್ದೆಲ್ಲ ಬಾಟ್ಲಿಯಲ್ಲೇ ಇರುತ್ತದೆ.

ಹಾಗಾದರೆ ಈ ಬೆಟ್ಟಗಳಲ್ಲಿ ನಿಜವಾದ ವೈನ್ ಇಲ್ಲವೇ ಅಂತೀಯ. ಇದೆ, ಆದರೆ ಅದು ಅಂಗಡಿಯ ಸಾಮಾನಲ್ಲ. ನಾನು ಕಲಿತದ್ದು ನಮ್ಮ ತೋಟದ ಪಕ್ಕದ ಕ್ರಿಶ್ಚಿಯನ್ ಮನೆಯ ಬಾಯಮ್ಮನಿಂದ. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರು, ತೋಟ ಮಾಡಿದವರು, ಪಾದ್ರಿಗಳು, ಮಿಷನ್ ಶಾಲೆಯ ಮೇಷ್ಟ್ರುಗಳು ಹೀಗೆ ನಮ್ಮ ಜಿಲ್ಲೆಯಲ್ಲಿ ಕ್ರಿಶ್ಚಿಯನ್ ಮನೆಗಳು ಹಳೆಯವು. ಚಿಕ್ಕಮಗಳೂರಿಗೇ ಒಂದು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ಆ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಕುಸ್ವಾರು ಎಂಬ ಹಬ್ಬದ ತಿಂಡಿಗಳ ತಟ್ಟೆ ಬರುತ್ತದಲ್ಲ, ಗುಳಿಯೊ, ನೆವ್ರಿ, ಕಿಡಿಯೊ, ಕೇಕು, ಅದರ ಪಕ್ಕದಲ್ಲಿ ಒಂದು ಚಿಕ್ಕ ಗ್ಲಾಸಿನಲ್ಲಿ ವೈನ್. ಅದರ ಅಳತೆಯೇ ಅಷ್ಟು. ಎರಡನೇ ಗ್ಲಾಸು ಕೇಳುವ ಪದ್ಧತಿ ಆ ಮನೆಗಳಲ್ಲಿ ನಾನು ಕಂಡಿಲ್ಲ.

ಬಾಯಮ್ಮ ವೈನ್ ಮಾಡುತ್ತಿದ್ದದ್ದು ಹೀಗೆ. ಹಣ್ಣನ್ನು ತೊಳೆದು ನೀರಿನ ಪಸೆ ಇಲ್ಲದ ಹಾಗೆ ಆರಿಸಬೇಕು. ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸಬೇಕು. ಹಣ್ಣು ಕಿವುಚಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಬೆಚ್ಚಗಿನ ನೀರಿನಲ್ಲಿ ನೆನೆಸಿದ ಯೀಸ್ಟ್, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿ ಇಡಬೇಕು. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಬೇಕು. ಇಪ್ಪತ್ತೊಂದು ದಿನ ಎಂಬುದು ಲೆಕ್ಕ. ಆದರೆ ಮಲೆನಾಡಿನ ಚಳಿಗೆ ಇನ್ನೂ ಒಂದು ವಾರ ಹಿಡಿಯುವುದುಂಟು. ನೊರೆ ನಿಂತ ಮೇಲೆ ಸೋಸಿ, ಗಸಿ ತಳಕ್ಕೆ ಕೂರಲು ಬಿಟ್ಟು, ಮತ್ತೆ ಸೋಸಿ, ಆಮೇಲೆ ಬಾಟ್ಲಿ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಗಾಳಿಯನ್ನೂ ಬಿಡುತ್ತದೆ. ಆಲ್ಕೋಹಾಲು ನೂರಕ್ಕೆ ಹನ್ನೆರಡು, ಹದಿನಾಲ್ಕರ ಹತ್ತಿರ ಬಂದರೆ ಯೀಸ್ಟಿಗೇ ಅದು ತಡೆಯುವುದಿಲ್ಲ, ಕೆಲಸ ನಿಲ್ಲಿಸುತ್ತದೆ. ನೊರೆ ನಿಲ್ಲುವ ಮೊದಲೇ ಆತುರಪಟ್ಟು ಬಿರಡೆ ಬಿಗಿದ ಬಾಟ್ಲಿಯೊಳಗೆ ಗಾಳಿ ತುಂಬುತ್ತಲೇ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಂಥ ಬಾಟ್ಲಿ ಸಿಡಿದರೆ ಗಾಜಿನ ಚೂರು ಯಾರ ಕಣ್ಣಿಗೆ ಹೋಗುತ್ತದೋ. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ, ಆಗುವುದೇ ಹಾಗೆ.

ಕಾಲದ ಲೆಕ್ಕ ಗೊತ್ತಿದ್ದರೆ ಸುಳ್ಳು ಸತ್ಯ ನಿನಗೇ ತಿಳಿಯುತ್ತದೆ. ನೇರಳೆ ಹಣ್ಣಾಗುವುದು ಮಳೆಗಾಲ ಹಿಡಿಯುವ ಹೊತ್ತಿಗೆ, ಮೇ ಕೊನೆಯಿಂದ ಜೂನ್ ಜುಲೈವರೆಗೆ. ಹಲಸೂ ಅದೇ ಹೊತ್ತಿನದು. ಬೆಟ್ಟದ ನೆಲ್ಲಿ ಚಳಿಗಾಲದ್ದು. ಕಾಫಿ ನೆರಳಿನ ನಡುವೆ ಬೆಳೆಯುವ ಕಿತ್ತಳೆ ಕೂಡ ಚಳಿಗಾಲದಲ್ಲೇ ಹೆಚ್ಚು. ಈ ಕಿತ್ತಳೆಯ ಹೆಸರು ಕೊಡಗಿನದಾದರೂ ನಮ್ಮ ಜಿಲ್ಲೆಯ ತೋಟಗಳಲ್ಲೂ ಹಿಂದೆ ಮರ ತುಂಬಾ ಹಣ್ಣು ನೋಡಿದವರು ನಾವು. ಆದ್ದರಿಂದ ಡಿಸೆಂಬರಿನಲ್ಲಿ ಒಬ್ಬರು ‘ಜೂನಿನಲ್ಲಿ ಹಾಕಿದ ನೇರಳೆ’ ಎಂದರೆ ಅದು ಆರು ತಿಂಗಳು ಪಳಗಿದ್ದು, ನಂಬಬಹುದು. ಫೆಬ್ರವರಿಯಲ್ಲಿ ‘ನಿನ್ನೆ ಕಿತ್ತ ನೇರಳೆಯದು’ ಎಂದರೆ ನಮಸ್ಕಾರ ಹೇಳಿ ಮುಂದೆ ಹೋಗು. ಬಣ್ಣವೂ ಹೇಳುತ್ತದೆ. ಹಲಸಿನದು, ನೆಲ್ಲಿಯದು ತೆಳು ಹುಲ್ಲಿನ ಬಣ್ಣ. ನೇರಳೆಯದು ಮೊದಲು ಕಡು ನೇರಳೆ, ದಿನ ಹೋದಂತೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ವೀಳ್ಯದೆಲೆಯದು ಗಿಳಿಹಸಿರು ಇದ್ದರೆ ಅದು ಎಲೆಯ ಬಣ್ಣವಲ್ಲ, ಡಬ್ಬಿಯ ಬಣ್ಣ. ಮೂಗಿಗೆ ಹಿಡಿದಾಗ ವಿನೆಗರಿನ ಘಾಟು ಬಂದರೆ ಅದು ಕೆಟ್ಟಿದೆ, ಮರ್ಯಾದೆಗೆ ಅಂತ ಕುಡಿಯುವ ಅಗತ್ಯವಿಲ್ಲ.

ಇನ್ನು ನಡವಳಿಕೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ನೀನು ಉಳಿಯುವ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಹಬ್ಬಕ್ಕೆಂದು ಮಾಡಿಟ್ಟ ಭರಣಿ ಇರಬಹುದು. ‘ವೈನ್ ಇದೆಯಾ, ಎಷ್ಟಾದರೂ ದುಡ್ಡು ಕೊಡ್ತೀವಿ’ ಎಂದು ಕೇಳಬೇಡ. ದುಡ್ಡು ಕೈ ಬದಲಾಯಿತೆಂದರೆ ಆ ಮನೆಯವರು ಮದ್ಯ ಮಾರಿದಂತಾಗುತ್ತದೆ. ಅವರಾಗಿ ನಿನ್ನೆದುರು ಒಂದು ಚಿಕ್ಕ ಗ್ಲಾಸು ಇಟ್ಟರೆ, ನಿನಗೆ ಕುಡಿಯುವ ಮನಸ್ಸಿದ್ದರೆ, ಕೂತು ನಿಧಾನಕ್ಕೆ ಕುಡಿ. ಯಾವ ಮರದ ಹಣ್ಣು, ಯಾವ ತಿಂಗಳು ಹಾಕಿದಿರಿ, ಯಾರಿಂದ ಕಲಿತಿರಿ ಎಂದು ಕೇಳು. ಬೇಡವೆನಿಸಿದರೆ ಬೇಡ ಎನ್ನು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಮನೆಯ ಹೆಸರು, ಊರು, ದಾರಿ ಸಮೇತ ವಿಡಿಯೋ ಮಾಡಿ ಹಾಕಬೇಡ. ನಿನಗೆ ಅದು ಒಂದು ದಿನದ ಸಂತೋಷ. ಮರುವಾರ ಅವರ ಗೇಟಿನ ಮುಂದೆ ಅಪರಿಚಿತರ ಕಾರುಗಳ ಸಾಲು, ಅದರ ಹಿಂದೆ ಅಬಕಾರಿಯವರು. ಅತಿಥಿಗೆ ಕೊಟ್ಟ ಒಂದು ಗ್ಲಾಸಿಗೆ ಅಷ್ಟು ದೊಡ್ಡ ಬೆಲೆ ಯಾರೂ ತೆರಬಾರದು.

ನಮ್ಮ ಬೆಟ್ಟದ ಅತ್ಯಂತ ಹಳೆಯ ವೈನ್ ಯಾವುದೆಂದು ಕೇಳಿದರೆ ನಾನು ಬಗನಿ ಮರ ತೋರಿಸುತ್ತೇನೆ. ಬೈನೆ ಅಂತಲೂ ಅನ್ನುತ್ತಾರೆ. ಮೂಡಿಗೆರೆಯಿಂದ ಕಳಸದ ದಾರಿ ಹಿಡಿದರೆ ಕಾಡಂಚಿನಲ್ಲಿ, ತೋಟದ ನೆರಳಿನಲ್ಲಿ ಮೀನಿನ ಬಾಲದಂಥ ಎಲೆಯ ತಾಳೆ ಕಾಣುತ್ತದೆ, ಅದೇ. ವರ್ಷಾನುಗಟ್ಟಲೆ ಬೆಳೆದು ಒಂದೇ ಸಲ ಹೂಬಿಡುವ ಕಾಲ ಬರುತ್ತದೆ. ಹೂಗೊಂಚಲು ತುದಿಯಿಂದ ಶುರುವಾಗಿ ಒಂದೊಂದಾಗಿ ಕೆಳಗಿಳಿಯುತ್ತದೆ. ಕೊನೆಯ ಗೊಂಚಲು ಮುಗಿದ ಮೇಲೆ ಮರವೂ ಸಾಯುತ್ತದೆ. ಆ ಗೊಂಚಲಿನ ರಸವೇ ಬಗನಿ ಕಳ್ಳು. ಮಲೆನಾಡಿನ ಕಾದಂಬರಿ ಓದಿದವರಿಗೆ ಅದು ಹೊಸದಲ್ಲ. ಕಳ್ಳು ಇಳಿಸಿದವರಿಗೆ ಮರ ಹತ್ತುವ ಧೈರ್ಯದ ಜೊತೆಗೆ ಯಾವ ಗೊಂಚಲು ಯಾವಾಗ ಬಡಿಯಬೇಕು, ಎಷ್ಟು ಕೊಯ್ಯಬೇಕು ಎಂಬ ವಿದ್ಯೆ ಇತ್ತು. ಕಳ್ಳು ಇಳಿಸಲು ಈಗ ಕರಾವಳಿಯ ಜಿಲ್ಲೆಗಳಲ್ಲಿ ಇರುವ ಅನುಮತಿ ನಮ್ಮ ಕಡೆ ಇಲ್ಲ. 2007ರ ಜುಲೈಯಲ್ಲಿ ಸಾರಾಯಿಯೂ ರಾಜ್ಯದಲ್ಲಿ ನಿಂತುಹೋಯಿತು. ಹಾಗಾಗಿ ಕಾಡಿನೊಳಗೆ ಯಾರೋ ಕಳ್ಳು ಕೊಡಿಸುತ್ತೇನೆಂದರೆ ಹಿಂದೆ ಹೋಗಬೇಡ. ಮರ ನೋಡು, ಹತ್ತುತ್ತಿದ್ದ ಹಿರಿಯರು ಸಿಕ್ಕರೆ ಕೂರಿಸಿಕೊಂಡು ಮಾತಾಡಿಸು. ಶ್ರೀಲಂಕಾದಲ್ಲಿ ಇದೇ ಮರಕ್ಕೆ ಕಿತುಲ್ ಎನ್ನುತ್ತಾರೆ. ಸಿಹಿ ರಸವನ್ನು ಕಾಯಿಸಿ ಜೋನಿಯಂಥ ಪಾಕ ಮಾಡಿ, ಗಟ್ಟಿಮಾಡಿ ಬೆಲ್ಲವನ್ನೂ ಮಾಡಿ ಮಾರುತ್ತಾರೆ, ದೇಶ ವಿದೇಶಕ್ಕೆ ಕಳಿಸುತ್ತಾರೆ. ನಮ್ಮಲ್ಲಿ ಆ ದಾರಿ ಯಾಕೆ ಹಿಡಿಯಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇರುವ ಪ್ರಶ್ನೆ.

ದ್ರಾಕ್ಷಿಯ ವೈನ್ ಬೇಕೆಂದರೆ ಅದನ್ನು ಇಲ್ಲಿ ಹುಡುಕುವುದು ವ್ಯರ್ಥ. ಕಳಸದಲ್ಲಿ ಮಳೆ ನೂರು ಇಂಚು ದಾಟುತ್ತದೆ, ದ್ರಾಕ್ಷಿ ಬಳ್ಳಿಗೆ ಅದು ಕೊಳೆರೋಗದ ಮನೆ. ನಂದಿ ಬೆಟ್ಟದ ಸುತ್ತ, ವಿಜಯಪುರ, ಬಾಗಲಕೋಟೆಯ ಕಡೆ ಬಳ್ಳಿ ಚೆನ್ನಾಗಿ ಬರುತ್ತದೆ. 2007ರಲ್ಲಿ ಸರ್ಕಾರ ವೈನ್ ನೀತಿ ತಂದದ್ದೂ ಆ ರೈತರನ್ನು ನೋಡಿಯೇ. ನಮ್ಮ ಬಾಯಮ್ಮನಂಥವರು ಹಬ್ಬದ ವೈನಿಗೆ ತರಿಸುತ್ತಿದ್ದದ್ದು ಸಂತೆಗೆ ಬರುವ ಬೆಂಗಳೂರು ನೀಲಿ ದ್ರಾಕ್ಷಿ. ಲೈಸೆನ್ಸ್ ಇರುವ ವೈನರಿಗಳ ವೈನನ್ನು ನೀನು ಬೆಂಗಳೂರಿನಲ್ಲೇ ಕೂತು ರುಚಿ ನೋಡಬಹುದು.

ಈಗ ಚೀಸಿನ ಮಾತು. ಮಲೆನಾಡಿನ ಚೀಸ್ ಯಾವುದು ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಗಿಣ್ಣು ಎಂದೆ, ನೀನು ನಕ್ಕೆ. ಆದರೆ ಯೋಚಿಸಿ ನೋಡು. ಚೀಸನ್ನು ಹಣ್ಣಾಗಿಸಲು ಹೆಚ್ಚು ಹಾಲು ಬೇಕು, ತಣ್ಣಗೆ ಒಂದೇ ಹದದ ಗಾಳಿ ಬೇಕು. ನಮ್ಮ ಮಲೆನಾಡು ಗಿಡ್ಡ ಹಸು ಬೆಟ್ಟದಲ್ಲಿ ದಿನವಿಡೀ ಮೇಯ್ದು ಬಂದು ಕೊಡುವುದು ಎರಡು ಮೂರು ಲೀಟರು, ಅದರಲ್ಲೂ ಕರುವಿನ ಪಾಲು ಬೇರೆ. ಮಳೆಗಾಲದ ನಾಲ್ಕು ತಿಂಗಳು ಚಪ್ಪಲಿಯ ಮೇಲೂ ಬೂಷ್ಟು ಬೆಳೆಯುವ ಮನೆಯಲ್ಲಿ ಹಾಲಿನ ಗಡ್ಡೆಯನ್ನು ತಿಂಗಳುಗಟ್ಟಲೆ ಇಡುವುದು ಹೇಗೆ? ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ನಮ್ಮ ಮನೆಗಳಲ್ಲಿ ಊಹೆಗೂ ಬರುವಂಥದ್ದಲ್ಲ. ಬೇಕೆಂದೇ ಹಾಲು ಒಡೆಸುವುದನ್ನೂ ನಮ್ಮ ಅತ್ತೆ ಸಹಿಸುತ್ತಿರಲಿಲ್ಲ. ಆದ್ದರಿಂದ ಹಾಲು ಮೊಸರಾಯಿತು, ಬೆಣ್ಣೆಯಾಯಿತು, ತುಪ್ಪವಾಯಿತು. ಉಳಿದ ಮಜ್ಜಿಗೆ ಒಂದೆಲಗದ ತಂಬುಳಿಯಾಯಿತು. ಹಾಲು ತಾನಾಗಿಯೇ ಗಡ್ಡೆ ಕಟ್ಟುವ ಒಂದೇ ಒಂದು ಸಂದರ್ಭ ಉಳಿಯಿತು, ಅದು ಹಸು ಕರು ಹಾಕಿದ ಮೊದಲ ಎರಡು ಮೂರು ದಿನ.

ಗಿಣ್ಣದ ಹಾಲು ಮಾಮೂಲು ಹಾಲಿಗಿಂತ ದಪ್ಪ, ಹಳದಿ. ಅದರಲ್ಲಿ ಪ್ರೋಟೀನು ಎಷ್ಟಿರುತ್ತದೆಂದರೆ ಹುಳಿಯೂ ಬೇಡ, ರೆನೆಟ್ಟೂ ಬೇಡ, ಬರೀ ಆವಿಗೆ ಗಟ್ಟಿಯಾಗುತ್ತದೆ. ಮೊದಲ ದಿನದ್ದಕ್ಕೆ ಸಾಮಾನ್ಯ ಹಾಲು ಹೆಚ್ಚು ಬೆರೆಸಬೇಕು, ಮೂರನೇ ದಿನದ್ದಕ್ಕೆ ಕಡಿಮೆ. ಇಲ್ಲದಿದ್ದರೆ ರಬ್ಬರಿನ ಹಾಗೆ ಆಗುತ್ತದೆ, ಅಥವಾ ಕಟ್ಟುವುದೇ ಇಲ್ಲ. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಕುಟ್ಟಿ ಹಾಕಿ, ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರೆ ಚಾಕು ಹಾಕಿ ಕೊಯ್ಯುವ ಹಾಗೆ ಬರುತ್ತದೆ. ಬೆಲ್ಲ ಹಾಕದೆ, ಒಂದು ಚಿಟಿಕೆ ಉಪ್ಪು ಹಾಕಿ ಬೇಯಿಸಿ ಮೆಣಸಿನಪುಡಿ ಉದುರಿಸಿ ತಿಂದು ನೋಡು, ಆಗ ನೀನು ನಗುವುದಿಲ್ಲ.

ಆದರೆ ಒಂದು ಷರತ್ತು. ಆಕಳ ಕರು ಹುಟ್ಟುವಾಗ ತಾಯಿಯಿಂದ ರೋಗ ತಡೆಯುವ ಶಕ್ತಿ ಹೊತ್ತು ಬರುವುದಿಲ್ಲ. ಅದೆಲ್ಲ ಸಿಗುವುದು ಈ ಗಿಣ್ಣದ ಹಾಲಿನಿಂದಲೇ, ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ದಾಟಿದರೆ ಕರುವಿನ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದೇ ಇಲ್ಲ. ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದದ್ದಷ್ಟೇ ಮನುಷ್ಯರಿಗೆ. ಆದ್ದರಿಂದ ಗಿಣ್ಣು ಬೇಕೇ ಬೇಕು, ಎಲ್ಲಿಂದಾದರೂ ತರಿಸಿ ಎಂದು ಆರ್ಡರ್ ಮಾಡಬೇಡ. ದಿನವೂ ಸಿಗುವ ಗಿಣ್ಣು ಎಂದು ಬೋರ್ಡು ಹಾಕಿದ್ದರೆ ಅದು ಚೈನಾ ಗ್ರಾಸೋ ಪುಡಿಯೋ ಆಗಿರುತ್ತದೆ, ಇಲ್ಲವೇ ಎಲ್ಲೋ ಒಂದು ಕರುವಿಗೆ ಅನ್ಯಾಯ ಆಗಿರುತ್ತದೆ. ನೀನು ಬಂದ ದಿನ ಅಕ್ಕಪಕ್ಕದ ಕೊಟ್ಟಿಗೆಯಲ್ಲಿ ಕರು ಹುಟ್ಟಿದ್ದರೆ ಅದು ನಿನ್ನ ಭಾಗ್ಯ. ಇಲ್ಲವಾದರೆ ಅಕ್ಕಿರೊಟ್ಟಿಯ ಮೇಲೆ ಆಗಷ್ಟೇ ಕಡೆದ ಬೆಣ್ಣೆ ಹಾಕಿಸಿಕೊಂಡು ತಿನ್ನು. ಅದೂ ಈಗ ಅಪರೂಪವೇ, ಹೆಚ್ಚಿನ ಮನೆಗಳ ಹಾಲು ಡೇರಿಗೆ ಹೋಗುತ್ತದೆ.

ನಮ್ಮ ಜಿಲ್ಲೆಗೆ ಬೆಣ್ಣೆಯ ಚರಿತ್ರೆ ಇದೆ ಎಂಬುದು ನಿನಗೆ ಗೊತ್ತಿರಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೇ ಶತಮಾನದ ಕೊನೆಯಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹಸುಗಳ ಹಿಂಡು ಕಟ್ಟಿಸಿ ಆ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿಟ್ಟಿದ್ದರು. ಟಿಪ್ಪುವಿನ ಕಾಲದಲ್ಲಿ ಅದು ಅಮೃತ್ ಮಹಲ್ ಆಯಿತು, ದಂಡಿನ ಫಿರಂಗಿ ಎಳೆಯುವ ಎತ್ತುಗಳಿಗೆ ಹೆಸರಾಯಿತು. ಆ ತಳಿಯ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಬೀರೂರು, ಕಡೂರು ಕಡೆಯ ಕಾವಲುಗಳಲ್ಲಿ ಆ ಹಸುಗಳು ಮೇಯುತ್ತವೆ. ಬೆಂಗಳೂರಿನಿಂದ ಬರುವ ಒಂದು ದಾರಿಯಲ್ಲಿ ಕಡೂರು ಸಿಗುತ್ತದೆ, ಆ ದಾರಿ ಹಿಡಿದರೆ ದೂರದಿಂದಲೇ ಆದರೂ ಆ ಕೊಂಬುಗಳನ್ನು ನೋಡು.

ಪರದೇಶದ ರೀತಿಯ ಚೀಸೇ ಬೇಕೆಂದರೆ ಬೆಂಗಳೂರಿನ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಮಠದವರು ಇಟಲಿಯ ಪದ್ಧತಿಯಲ್ಲಿ ಮಾಡುವ ಮೊಝರೆಲ್ಲಾ ತಿನ್ನು. ಬೈಲಕುಪ್ಪೆಗೆ ಹೋದರೆ ಟಿಬೆಟಿನವರ ಅಂಗಡಿಗಳಲ್ಲಿ ಕಲ್ಲಿನಂಥ ಒಣ ಛುರ್ಪಿ ಕೇಳು, ಬಾಯಲ್ಲಿಟ್ಟರೆ ಒಂದು ಗಂಟೆ ಬರುತ್ತದೆ. ಅವು ಆ ಜನರ ರುಚಿ, ಅವರ ನಡುವೆಯೇ ತಿನ್ನುವುದು ಚೆಂದ.

ಹುಳಿಬರಿಸುವ ವಿದ್ಯೆ ನಮ್ಮವರಿಗೆ ಚೆನ್ನಾಗಿ ಗೊತ್ತಿರುವುದು ಎಲ್ಲಿ ಅಂದರೆ ಕಾಫಿಯಲ್ಲಿ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದ ಕತೆ ನಿನಗೆ ಗೊತ್ತು. ಅಂದಿನಿಂದ ಈ ಬೆಟ್ಟಗಳಲ್ಲಿ ಹಣ್ಣು ಕೊಯ್ಯುತ್ತಿದ್ದೇವೆ. ಕೊಯ್ದ ಅರೇಬಿಕಾ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ಬೀಜವನ್ನು ತೊಟ್ಟಿಯಲ್ಲಿ ಒಂದು ಹಗಲು ರಾತ್ರಿ ಹುದುಗಲು ಬಿಡುತ್ತೇವೆ. ಮೇಲಿನ ಲೋಳೆ ಬಿಟ್ಟುಕೊಂಡ ಮೇಲೆ ತೊಳೆದು ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಗಂಟೆ ಹೆಚ್ಚಾದರೆ ಹುಳಿ ವಾಸನೆ, ಕಡಿಮೆಯಾದರೆ ಲೋಳೆ ಹೋಗುವುದಿಲ್ಲ. ರಾತ್ರಿ ಎದ್ದು ಹೋಗಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ನೋಡುವ ತೋಟದ ರೈಟರುಗಳನ್ನು ನಾನು ಕಂಡಿದ್ದೇನೆ. ಈಗಿನ ಹುಡುಗರು ಇನ್ನೂ ಮುಂದೆ ಹೋಗಿದ್ದಾರೆ. ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಮುಚ್ಚಿಟ್ಟು ದಿನಗಟ್ಟಲೆ ಹುದುಗಿಸುತ್ತಾರೆ. ಅದನ್ನು ಹದವಾಗಿ ಹುರಿದು, ಹಾಲು ಸಕ್ಕರೆ ಹಾಕದೆ ಕುಡಿದರೆ ಬಾಯಲ್ಲಿ ದ್ರಾಕ್ಷಾರಸದ ರುಚಿಯೇ ನಿಲ್ಲುತ್ತದೆ. ಮತ್ತು ಅದು ಬರೀ ಕಾಫಿ. ಅಬಕಾರಿಯ ಭಯವಿಲ್ಲ, ಅಮಲಿಲ್ಲ, ಕುಡಿದು ಗಾಡಿ ಓಡಿಸಬಹುದು.

ನಿನಗೆ ಬೇಕಾದ ‘ಈ ಊರಿನ ವೈನ್’ ಅದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಎರಡನ್ನೂ ಪಕ್ಕಪಕ್ಕ ಕುಡಿದು ನೋಡು. ತೋಟದ ಎತ್ತರ, ನೆರಳು, ಹುದುಗಿಸಿದ ಗಂಟೆ ಎಲ್ಲ ಕೇಳು. ಕಾಫಿ ಹಣ್ಣಿನ ಒಣ ಸಿಪ್ಪೆಯ ಕಷಾಯ ಕೊಡುವ ತೋಟಗಳೂ ಇವೆ. ಅದೇ ಯೆಮನ್ನಿನಲ್ಲಿ ಶುಂಠಿ ಹಾಕಿ ಕುದಿಸುವ ಖಿಶ್ರ್ ಎಂಬ ಪಾನೀಯ. ಬೀಜ ಬಂದ ನಾಡಿನ ರೂಢಿ ಇಷ್ಟು ತಡವಾಗಿ ನಮ್ಮಲ್ಲಿಗೆ ಬಂದಿದೆ.

ಕೆಲವು ಕಟ್ಟುನಿಟ್ಟಿನ ಮಾತು ಹೇಳಿ ಮುಗಿಸುತ್ತೇನೆ. ಒಂದು ಗುಟುಕು ವೈನ್ ಕುಡಿದ ದಿನವೂ ಸ್ಟಿಯರಿಂಗ್ ಮುಟ್ಟಬೇಡ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಂಜು ಇಳಿದರೆ ಎಚ್ಚರವಿದ್ದವರಿಗೇ ರಸ್ತೆ ಕಾಣುವುದಿಲ್ಲ. ಹೊರನಾಡು, ಕಳಸದ ದೇವಸ್ಥಾನಗಳಿಗೆ ಹೋಗುವ ದಿನ ಇವೆಲ್ಲ ಬೇಡ. ಹೊರನಾಡಿನ ಅನ್ನಪೂರ್ಣೆಯ ಸನ್ನಿಧಿಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣು, ಆ ಊಟವೂ ಊರಿನ ರುಚಿಯೇ. ಮುಳ್ಳಯ್ಯನಗಿರಿಯ ಹುಲ್ಲಿನಲ್ಲಿ, ಕುದುರೆಮುಖದ ಕಾಡುದಾರಿಯಲ್ಲಿ ಬಾಟ್ಲಿ ಎಸೆಯುವವರ ಜೊತೆ ನೀನು ಇರಕೂಡದು. ಗಾಜು ತುಳಿದು ಗೊರಸು ಸೀಳಿಕೊಂಡ ದನಕ್ಕೆ ನಾನೇ ಅರಿಶಿನ ಮೆತ್ತಿದ್ದೇನೆ, ಕಾಡಿನ ಕಡವೆಗೆ ಮೆತ್ತುವವರು ಯಾರು?

ಬರುವ ತಿಂಗಳನ್ನು ನೀನೇ ಆರಿಸು. ನೇರಳೆ, ಹಲಸು ಬೇಕಾದರೆ ಜೂನ್, ಆದರೆ ಮಳೆಗೆ ಸಿದ್ಧವಾಗಿ ಬಾ. ಹಬ್ಬದ ಕುಸ್ವಾರು ಬೇಕಾದರೆ ಡಿಸೆಂಬರ್. ಹುದುಗುವ ತೊಟ್ಟಿ ನೋಡಬೇಕಾದರೆ ಡಿಸೆಂಬರ್, ಜನವರಿ. ಅರೇಬಿಕಾ ಕುಯ್ಲು ಆಗಲೇ. ರೋಬಸ್ಟಾದ್ದು ಅದರ ಹಿಂದೆಯೇ ಬರುತ್ತದೆ. ಕುಯ್ಲಿನ ಹೊತ್ತಿನಲ್ಲಿ ಮನೆಮಂದಿಯೆಲ್ಲ ತೋಟದಲ್ಲೋ ಕಣದಲ್ಲೋ ಇರುತ್ತೇವೆ, ಆದ್ದರಿಂದ ಎರಡು ದಿನ ಮೊದಲೇ ಫೋನ್ ಮಾಡಿ ಹೊರಡು.